ಹಾಲಿನ ಗಡಿಗೆಯ ಮೇಲಿನ ಬಿಲ್ಲೆ

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಹಾಲಿನ ಗಡಿಗೆಯ ಮುಚ್ಚಳದ ಮೇಲೆ ಒಂದು ಕಂಚಿನ ಬಿಲ್ಲೆ ಇರುತ್ತಿತ್ತು. ಬೆಕ್ಕು ಮುಚ್ಚಳ ಸರಿಸಬಾರದೆಂದು ಇಟ್ಟ ಭಾರ ಅದು. ಅಂಗೈಗಿಂತ ತುಸು ದೊಡ್ಡದು, ಒಲೆಯ ಹೊಗೆ ಹಿಡಿದು ಕಪ್ಪಾಗಿತ್ತು. ಬೆರಳಾಡಿಸಿದರೆ ಒಬ್ಬ ಹೆಂಗಸಿನ ಉಡುಪಿನ ನೆರಿಗೆಗಳು, ಒಂದು ಸಿಂಹದ ಬೆನ್ನು, ಅಂಚಿನ ಸುತ್ತ ಉಬ್ಬಿದ ಅಕ್ಷರಗಳು ಕೈಗೆ ಹತ್ತುತ್ತಿದ್ದವು. ನಾವು ಹುಡುಗರು ಅದನ್ನು ದೇವಿಯ ಬಿಲ್ಲೆ ಎಂದೇ ತಿಳಿದಿದ್ದೆವು. ಪಕ್ಕದಲ್ಲಿ ಸಿಂಹ ನಿಂತ ಮೇಲೆ ದೇವಿಯಲ್ಲದೆ ಇನ್ನಾರು? ಒಂದು ಮಧ್ಯಾಹ್ನ ಕುಂಟಬಿಲ್ಲೆ ಆಡಲು ಅದನ್ನು ಅಂಗಳಕ್ಕೆ ಒಯ್ದಾಗ ಅಜ್ಜಿ ಎಂದೂ ಬೈಯದವಳು ಬೈದಳು: "ಅದು ಆಡೂ ಸಾಮಾನ ಅಲ್ಲ. ನಿಮ್ಮ ಅಜ್ಜನ ಕಾಕಾನ ಹೆಸರೈತಿ ಅದರಾಗ. ಬಸರಾದಾಗ ಸತ್ತಾವಾ."

ನಮ್ಮ ಹೊಲದ ಬಾವಿಯ ಹತ್ತಿರ ಒಂದು ಹಳೆಯ ಬಸರಿ ಗಿಡವಿತ್ತು. ಅಜ್ಜನ ಕಾಕಾ ಆ ಗಿಡದ ಕೆಳಗೇ ಸತ್ತಿರಬೇಕೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ಕತ್ತಲಾದ ಮೇಲೆ ಆ ಕಡೆ ಹಾಯುತ್ತಿರಲಿಲ್ಲ. ಬಸರಾ ಎಂದರೆ ಇರಾಕಿನ ಬಾಸ್ರಾ ಎಂದು ತಿಳಿದದ್ದು ಹೈಸ್ಕೂಲಿನ ಭೂಗೋಳದ ಪುಸ್ತಕದಲ್ಲಿ. ಅಷ್ಟು ದೂರ ನಮ್ಮ ಮನೆಯವರೊಬ್ಬರು ಯಾಕೆ ಹೋದರು, ಅಲ್ಲಿ ಏನು ಮಾಡಿದರು, ಹೇಗೆ ಸತ್ತರು ಎಂದು ಕೇಳಬೇಕೆನ್ನಿಸಿದ್ದು ಅದಕ್ಕೂ ಮೂವತ್ತು ವರ್ಷದ ನಂತರ. ಅಷ್ಟರಲ್ಲಿ ಉತ್ತರ ಹೇಳಬಲ್ಲವರಲ್ಲಿ ಅಜ್ಜಿಯೊಬ್ಬಳೇ ಉಳಿದಿದ್ದಳು, ಅವಳೂ ಮಾತು ಮರೆಯತೊಡಗಿದ್ದಳು.

ಬಿಲ್ಲೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧ ಮುಗಿದ ಮೇಲೆ, ಅದರಲ್ಲಿ ಸತ್ತ ಪ್ರತಿಯೊಬ್ಬನ ಮನೆಗೂ ಬ್ರಿಟಿಷ್ ಸರಕಾರ ಕಳಿಸಿದ ಸ್ಮರಣ ಫಲಕವದು. 120 ಮಿಲಿಮೀಟರ್ ಅಗಲದ ಕಂಚು, ಒಟ್ಟು 13 ಲಕ್ಷಕ್ಕೂ ಹೆಚ್ಚು ಎರಕ ಹೊಯ್ದಿದ್ದರು. ಹೆಂಗಸು ಬ್ರಿಟಾನಿಯಾ, ಕೈಯಲ್ಲಿ ಎಲೆಗಳ ಹಾರ. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಇವನು ಮಡಿದನು' ಎಂದಿದೆ. ಯಾರ ಸ್ವಾತಂತ್ರ್ಯ ಎಂಬ ಪ್ರಶ್ನೆಯನ್ನು ಬೆಳಗಾವಿ ಸೀಮೆಯ ಆ ಅಡುಗೆಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇಂಗ್ಲಿಷ್ ಓದಬಲ್ಲವರೇ ಇರಲಿಲ್ಲ. ಸಿಂಹದ ತಲೆಯ ಮೇಲಿನ ಚೌಕದಲ್ಲಿ ಹೆಸರು ಇದೆ, ಹೆಸರು ಮಾತ್ರ. ಹುದ್ದೆ ಇಲ್ಲ, ಪಲ್ಟಣ ಇಲ್ಲ, ನಂಬರು ಇಲ್ಲ, ತಾರೀಖು ಇಲ್ಲ. ಬಲಿದಾನದಲ್ಲಿ ಜನರಲ್ಲನಿಗೂ ಸಿಪಾಯಿಗೂ ಭೇದ ಇರಬಾರದೆಂದು ಬೇಕೆಂದೇ ಹಾಗೆ ಮಾಡಿದ್ದರು. ಉದಾತ್ತ ವಿಚಾರವೇ. ಆದರೆ ನೂರು ವರ್ಷದ ನಂತರ ಹುಡುಕಲು ಹೊರಟವನಿಗೆ ಆ ಔದಾರ್ಯದಿಂದ ಆಗುವ ತೊಂದರೆ ಅಷ್ಟಿಷ್ಟಲ್ಲ.

ನಿಜವಾಗಿ ಬೇಕಾಗಿದ್ದದ್ದು ಬೆಳ್ಳಿಯ ಪದಕ. ಯುದ್ಧದಲ್ಲಿ ಸೇವೆ ಸಲ್ಲಿಸಿದ ಸಿಪಾಯಿಗಳಿಗೆ ಬ್ರಿಟಿಷ್ ಯುದ್ಧ ಪದಕವೆಂದು ಒಂದು ಬೆಳ್ಳಿಯ ನಾಣ್ಯದಂಥದ್ದನ್ನು ಕೊಡುತ್ತಿದ್ದರು. ಸತ್ತವರದ್ದು ಮನೆಗೆ ಬರುತ್ತಿತ್ತು. ಅದರ ಮುಖದ ಮೇಲೆ ರಾಜನ ಚಿತ್ರ, ಹಿಂದೆ ಕುದುರೆ ಸವಾರ. ಅವೆರಡರಿಂದಲೂ ಪ್ರಯೋಜನವಿಲ್ಲ. ನೋಡಬೇಕಾದದ್ದು ಅದರ ದಪ್ಪವನ್ನು, ಅಂದರೆ ನಾಣ್ಯದ ಕಂಠದ ಸುತ್ತಲಿನ ಪಟ್ಟಿಯನ್ನು. ಅಲ್ಲಿ ಸಣ್ಣ ಅಕ್ಷರದಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು ಮತ್ತು ಪಲ್ಟಣ ಒತ್ತಿರುತ್ತದೆ. ಆ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅಜ್ಜಿಯನ್ನು ಕೇಳಿದೆ, ಬೆಳ್ಳಿಯದೊಂದು ಇತ್ತೇ ಎಂದು. "ಇತ್ತಲ್ಲ. ನಿಮ್ಮತ್ತಿ ಹುಟ್ಟಿದಾಗ ಪತ್ತಾರ ಕರಗಿಸಿ ಕಾಲಾಗಿನ ಕಡಗ ಮಾಡಿಕೊಟ್ಟ. ಚೊಲೊ ಬೆಳ್ಳಿ ಇತ್ತ ಅಂದ."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಯೋಚಿಸಿದಾಗ, ಬರಗಾಲ ಕಂಡ ಮನೆಯೊಂದು ಬೆಳ್ಳಿಯನ್ನು ಬೆಳ್ಳಿ ಎಂದೇ ನೋಡಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಕಡಗವೂ ಈಗಿಲ್ಲ. ಕಂಚಿಗೆ ಬೆಲೆ ಇರಲಿಲ್ಲ, ಆದ್ದರಿಂದ ಬಿಲ್ಲೆ ಉಳಿಯಿತು. ಹೆಸರು ಉಳಿದು ನಂಬರು ಕರಗಿತು.

ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತೊಡಕು ಅರ್ಥವಾಗಲೆಂದು ಯಲ್ಲಪ್ಪ ಎಂದು ಇಟ್ಟುಕೊಳ್ಳಿ. ನಮ್ಮ ಮನೆಮಾತು ಕನ್ನಡ. ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು, ಹುಡುಗರು ಸೇರುತ್ತಿದ್ದದ್ದು ಮರಾಠಾ ಪಲ್ಟಣಗಳಿಗೆ. ಭರ್ತಿಯ ಹೊತ್ತಿಗೆ 'ಯಲ್ಲಪ್ಪ' ಎಂದು ಹುಡುಗ ಹೇಳಿದ್ದನ್ನು ಮರಾಠಿ ಕಿವಿಯ ಗುಮಾಸ್ತ ಕೇಳಿಸಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿ, ಅದನ್ನು ಇನ್ನಾರೋ ಲಂಡನ್ನಿನ ಪಟ್ಟಿಗೆ ನಕಲು ಮಾಡುವಷ್ಟರಲ್ಲಿ ಅದು ಎಲಪಾ, ಯೆಲಾಪ, ಯಲ್ಲೂ, ಇಲ್ಲಪ ಏನು ಬೇಕಾದರೂ ಆಗಿರಬಹುದು. ಅಪ್ಪನ ಹೆಸರು ಒಮ್ಮೊಮ್ಮೆ ಮನೆತನದ ಹೆಸರಿನ ಜಾಗದಲ್ಲಿ ಕೂತಿರುತ್ತದೆ, ಒಮ್ಮೊಮ್ಮೆ ಇರುವುದೇ ಇಲ್ಲ. ಹಾಗಾಗಿ ಹುಡುಕುವವನು ತನ್ನ ಅಜ್ಜನ ಕಾಕಾನ ಹೆಸರನ್ನು ಮರೆತು, ಕನ್ನಡ ತಿಳಿಯದ ಒಬ್ಬ ಗುಮಾಸ್ತನ ಕಿವಿಯಿಂದ ಅದನ್ನು ಹೊಸದಾಗಿ ಕೇಳಿಸಿಕೊಳ್ಳುವುದನ್ನು ಕಲಿಯಬೇಕು. ನಾನು ರಾತ್ರಿ ಊಟವಾದ ಮೇಲೆ ಆ ಹೆಸರನ್ನು ಬೇರೆಬೇರೆ ರೀತಿಯಲ್ಲಿ ತಪ್ಪಾಗಿ ಉಚ್ಚರಿಸುತ್ತ ಕೂತಿರುತ್ತಿದ್ದೆ. ಮನೆಯವರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಮರಾಠಾ ಪಲ್ಟಣಗಳಾದರೂ ಆಗ ಒಂದಲ್ಲ, ಆರು: 103, 105, 110, 114, 116 ಮತ್ತು 117. ಇವೆಲ್ಲ ಸೇರಿ ಐದನೆಯ ಮರಾಠಾ ಲೈಟ್ ಇನ್‌ಫಂಟ್ರಿ ಆದದ್ದು, ಬೆಳಗಾವಿ ಅದರ ಕೇಂದ್ರವಾದದ್ದು 1922ರಲ್ಲಿ. ಸಿಪಾಯಿಯ ಚರಿತ್ರೆಯೆಲ್ಲ, ಅಂದರೆ ಊರು, ತಂದೆ, ಎತ್ತರ, ಮೈಮೇಲಿನ ಗುರುತು, ಭರ್ತಿಯ ದಿನ, ರಜೆ, ಶಿಕ್ಷೆ, ವಾರಸುದಾರರು, ಇವೆಲ್ಲ ಇರುವ ಹಾಳೆಗೆ ಫೌಜಿನಲ್ಲಿ ಶೀಟ್ ರೋಲ್ ಎನ್ನುತ್ತಾರೆ. ಆ ಹಾಳೆಗಾಗಿ ಒಂದು ದಾಖಲೆ ಕಚೇರಿಗೆ ಮೂರು ಸಲ ಅರ್ಜಿ ಹಾಕಿದೆ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಒಂದು ಸಾಲಿನ ಪತ್ರ, ಸಿಪಾಯಿಯ ನಂಬರನ್ನು ನಮೂದಿಸಿ ಮತ್ತೆ ಬರೆಯಿರಿ ಎಂದಿತು. ನಂಬರು ಗೊತ್ತಿದ್ದರೆ ನಿಮ್ಮನ್ನೇಕೆ ಕೇಳುತ್ತಿದ್ದೆ ಎಂದು ಬರೆದು, ಕಳಿಸದೆ ಹರಿದು ಹಾಕಿದೆ. ಪಂಜಾಬಿನವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆಗ. 1919ರಲ್ಲಿ ಅಲ್ಲಿನ ಸರಕಾರ ಊರೂರಿನಿಂದ ಯುದ್ಧಕ್ಕೆ ಹೋದವರ ಪಟ್ಟಿಯನ್ನು ಬರೆಸಿತ್ತು; ಸುಮಾರು 3 ಲಕ್ಷ 20 ಸಾವಿರ ಹೆಸರುಗಳ ಆ ವಹಿಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು, ಈಗ ಕಂಪ್ಯೂಟರಿಗೂ ಬರುತ್ತಿವೆ.

ನಮ್ಮ ಊರಿಗೂ ಒಂದು ಪಟ್ಟಿ ಇದೆ, ಅದನ್ನು ಪಟ್ಟಿ ಎನ್ನಬಹುದಾದರೆ. ಚಾವಡಿಯ ಗೋಡೆಯಲ್ಲಿ ಕೂರಿಸಿದ ಒಂದು ಕಲ್ಲಿನ ಹಲಗೆ. 1914ರಿಂದ 1919ರವರೆಗಿನ ಮಹಾಯುದ್ಧಕ್ಕೆ ಈ ಊರಿನಿಂದ ಹನ್ನೊಂದು ಜನ ಹೋದರು, ಅವರಲ್ಲಿ ಇಬ್ಬರು ಪ್ರಾಣ ಕೊಟ್ಟರು ಎಂದು ಅದರಲ್ಲಿ ಕೊರೆದಿದೆ. ಯಾರು ಎಂದಿಲ್ಲ. ದೇಶದ ಎಷ್ಟೋ ಹಳ್ಳಿಗಳಲ್ಲಿ ಇದೇ ಅಚ್ಚಿನ, ಇದೇ ಮಾತಿನ ಕಲ್ಲುಗಳಿವೆ. ಸಂಖ್ಯೆ ಮಾತ್ರ ಬೇರೆ. ನಮ್ಮ ಕಲ್ಲಿನ ಮೇಲೆ ಈಗ ಪಂಚಾಯಿತಿಯ ನೋಟೀಸುಗಳನ್ನು ಅಂಟಿಸುತ್ತಾರೆ. ನಾನು ಹೋದ ದಿನ 'ಇಬ್ಬರು' ಎಂಬ ಪದದ ಮೇಲೆ ನೀರಿನ ಕರದ ಚೀಟಿ ಇತ್ತು.

ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ಹನುಮಂತ ದೇವರ ಗುಡಿ. ಗುಡಿಯ ಹಿಂದೆ ಒಂದು ವೀರಗಲ್ಲು ಅರ್ಧ ಹೂತು ನಿಂತಿದೆ: ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕೈಹಿಡಿದು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ಅಕ್ಷರಗಳು ಸವೆದಿದ್ದರೂ ಅವು ಇದ್ದವೆಂಬುದು ಕಾಣುತ್ತದೆ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೂ ನಮ್ಮ ನಾಡಿನವರು ಕಲ್ಲು ನಿಲ್ಲಿಸಿ, ಅವನು ಯಾರ ಮಗ, ಯಾವ ಊರಿನವನು, ಯಾವ ಕಾಳಗದಲ್ಲಿ ಬಿದ್ದ ಎಂದು ಬರೆಸುತ್ತಿದ್ದರು. ಬೇಗೂರಿನ ಶಾಸನ ಸಾವಿರದ ನೂರು ವರ್ಷಗಳ ಹಿಂದಿನ ಬೆಂಗಳೂರ ಕಾಳಗದಲ್ಲಿ ಸತ್ತ ಒಬ್ಬ ಆಳಿನ ಹೆಸರನ್ನು ಇಂದಿಗೂ ಹೇಳುತ್ತದೆ. ಚಾವಡಿಯ ಕಲ್ಲಿಗೂ ಗುಡಿಯ ಹಿಂದಿನ ಕಲ್ಲಿಗೂ ನಡುವೆ ನಿಂತಾಗ, ಹೆಸರು ಬರೆಯುವುದಕ್ಕೆ ಕಲ್ಲು ಸಾಲದೆ ಹೋದದ್ದಲ್ಲ ಎಂಬುದು ನನಗೆ ಖಚಿತವಾಯಿತು.

ಬಾಸ್ರಾದ ಸ್ಮಾರಕದ ವಿಷಯ ಓದಿದಾಗ ಅದು ಇನ್ನೂ ಸ್ಪಷ್ಟವಾಯಿತು. ಮೆಸಪಟೋಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಸತ್ತು ಗೋರಿಯ ಗುರುತು ಸಿಗದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ 1929ರಲ್ಲಿ ತೆರೆದ ದೊಡ್ಡ ಕಂಬಸಾಲು ಅದು. ಸತ್ತವರಲ್ಲಿ ಬಹುಪಾಲು ಭಾರತೀಯರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯ ಪಲ್ಟಣಗಳ ಕೆಳಗೆ ಅಧಿಕಾರಿಗಳ ಹೆಸರು ಕೆತ್ತಿ, ಕೊನೆಗೆ 'ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು' ಎಂದು ಮುಗಿಸಿದರು. ಫ್ರಾನ್ಸಿನ ನೂವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ ಇದೇ ಭಾರತದ ಸಿಪಾಯಿಗಳ 4,700ಕ್ಕೂ ಹೆಚ್ಚು ಹೆಸರುಗಳಿವೆ. ಯುರೋಪಿನಲ್ಲಿ ಸತ್ತಿದ್ದರೆ ಹೆಸರು, ಇರಾಕಿನಲ್ಲಿ ಸತ್ತರೆ ಅಂಕಿ. ಈ ಸ್ಮಾರಕಗಳನ್ನು ಕಟ್ಟಿಸಿದ ಯುದ್ಧಗೋರಿಗಳ ಆಯೋಗ 1917ರಲ್ಲಿ ಹುಟ್ಟಿದಾಗಿನಿಂದ ಸಾವಿನಲ್ಲಿ ಎಲ್ಲರೂ ಸಮಾನರೆಂದು ಸಾರುತ್ತ ಬಂದಿತ್ತು. 2021ರಲ್ಲಿ ಅದು ತಾನೇ ನೇಮಿಸಿದ ಸಮಿತಿಯ ವರದಿಯನ್ನು ಹೊರತಂದು, ಏಷ್ಯಾ ಆಫ್ರಿಕಾಗಳ 45 ಸಾವಿರದಿಂದ 54 ಸಾವಿರ ಜನರ ಸ್ಮರಣೆಯಲ್ಲಿ ಭೇದ ಮಾಡಲಾಗಿತ್ತೆಂದೂ, ಕನಿಷ್ಠ 1 ಲಕ್ಷ 16 ಸಾವಿರ ಜನರನ್ನು ಹೆಸರಿನಿಂದ ನೆನೆಯಲೇ ಇಲ್ಲವೆಂದೂ ಒಪ್ಪಿಕೊಂಡಿತು. ಬಾಸ್ರಾದ ಆ ಸ್ಮಾರಕವಾದರೂ ಕಟ್ಟಿದ ಜಾಗದಲ್ಲಿಲ್ಲ. ನದಿಯ ದಂಡೆಯಿಂದ 1997ರಲ್ಲಿ ಸದ್ದಾಂ ಹುಸೇನರ ಆಜ್ಞೆಯಂತೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ನಾಸಿರಿಯಾ ರಸ್ತೆಯ ಮರುಭೂಮಿಗೆ ಒಯ್ದು ನಿಲ್ಲಿಸಿದ್ದಾರೆ.

ಕಲ್ಲಿನಲ್ಲಿ ಇಲ್ಲದ ಹೆಸರುಗಳು ಕಾಗದದಲ್ಲಿ ಇದ್ದವು, ಅವನ್ನು ಈಗ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಅಲ್ಲಿ ನನ್ನ ತಪ್ಪು ಉಚ್ಚಾರಣೆಗಳ ಅಭ್ಯಾಸ ಫಲ ಕೊಟ್ಟಿತು. ಹೆಸರಿನ ಮೊದಲ ಮೂರು ಅಕ್ಷರ ಮಾತ್ರ ಕೊಟ್ಟು, ಪಲ್ಟಣದ ಜಾಗದಲ್ಲಿ ಮರಾಠಾ ಎಂದು ಹಾಕಿ, ಒಂದೊಂದೇ ಸಾಲು ನೋಡುತ್ತ ಹೋದರೆ ನಮ್ಮವರು ಎನ್ನಬಹುದಾದ ಇಬ್ಬರು ಉಳಿದರು. ಒಬ್ಬನ ಸಾವು 1915ರ ನವೆಂಬರಿನಲ್ಲಿ, ಇನ್ನೊಬ್ಬನದು 1916ರ ಮಳೆಗಾಲದ ಹೊತ್ತಿಗೆ. ಕೆಲವು ಸಿಪಾಯಿಗಳ ಸಾಲಿನ ಕೊನೆಗೆ 'ಇಂಥವರ ಮಗ, ಇಂಥ ಊರು, ಇಂಥ ತಾಲೂಕು' ಎಂಬ ಮಾಹಿತಿ ಇರುತ್ತದೆ. ಇವರಿಬ್ಬರ ಮುಂದೆಯೂ ಆ ಜಾಗ ಖಾಲಿ. ಖಾಲಿ ಜಾಗವನ್ನು ಅಷ್ಟು ಹೊತ್ತು ನೋಡುತ್ತ ನಾನು ಎಂದೂ ಕೂತಿರಲಿಲ್ಲ.

ಆ ಎರಡು ತಾರೀಖುಗಳು ಎರಡು ಬೇರೆಬೇರೆ ಸಾವುಗಳನ್ನು ಹೇಳುತ್ತವೆ. 1914ರ ನವೆಂಬರ್ 6ರಂದು ಫಾವ್ ಬಂದರಿನಲ್ಲಿ ಪುಣೆಯ ಆರನೆಯ ಡಿವಿಜನ್ ಇಳಿಯಿತು. 103, 110, 117ನೆಯ ಮರಾಠಾ ಪಲ್ಟಣಗಳು ಆ ಡಿವಿಜನ್ನಿನವು. ಬಾಸ್ರಾ ಕೈಗೆ ಬಂದ ಮೇಲೆ ಟೈಗ್ರಿಸ್ ನದಿಯಗುಂಟ ಮೇಲೆ ಮೇಲೆ ಹೋಗಿ, 1915ರ ನವೆಂಬರ್ 22ರಂದು ಬಾಗ್ದಾದ್ ಇನ್ನು ಹತ್ತಿರವೆನ್ನುವಾಗ ಟೆಸಿಫಾನ್ ಎಂಬಲ್ಲಿ ತುರ್ಕರೊಡನೆ ಘೋರ ಕಾದಾಟವಾಯಿತು. ಅಲ್ಲಿ ಸತ್ತವರು, ಗಾಯಗೊಂಡವರು ಸೇರಿ ನಾಲ್ಕು ಸಾವಿರಕ್ಕೂ ಮಿಕ್ಕಿದರು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಸಾಮಾನು ಗಾಡಿಗಳಲ್ಲಿ ಹೇರಿ ನದಿಗೆ ತಂದು, ಹಡಗುಗಳಲ್ಲಿ ತುಂಬಿ ಬಾಸ್ರಾಕ್ಕೆ ಕಳಿಸಿದರು. ಆ ಪ್ರಯಾಣದ ನರಕವನ್ನು ಕುರಿತು ಲಂಡನ್ನಿನಲ್ಲಿ ವಿಚಾರಣೆಯೇ ನಡೆದು, 1917ರಲ್ಲಿ ಬ್ರಿಟಿಷ್ ಸಂಪುಟದ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು. ನಮ್ಮವರು ಮೊದಲನೆಯವನಾಗಿದ್ದರೆ ಇಲ್ಲಿ ಸತ್ತರು. ಎರಡನೆಯವನಾಗಿದ್ದರೆ, ಹಿಂದೆ ಸರಿದ ಸೈನ್ಯದೊಡನೆ ಕುಟ್ ಎಂಬ ಊರಿನಲ್ಲಿ ಸಿಕ್ಕಿಕೊಂಡರು. ನದಿಯ ತಿರುವಿನೊಳಗಿನ ಆ ಮಣ್ಣಿನ ಊರನ್ನು ತುರ್ಕರು 147 ದಿನ ಸುತ್ತುಗಟ್ಟಿದ್ದರು. ಬಿಡಿಸಲು ಬಂದ ಸೈನ್ಯ ತನ್ನ 23 ಸಾವಿರ ಜನರನ್ನು ಸಾವಿಗೆ, ಗಾಯಕ್ಕೆ ಕಳೆದುಕೊಂಡರೂ ಒಳಗೆ ಬರಲಾಗಲಿಲ್ಲ. ಒಳಗಿದ್ದವರಿಗೆ ಹಿಟ್ಟು ಕಡಿಮೆಯಾಯಿತು, ಕುದುರೆಗಳನ್ನು ಕೊಯ್ದರು, ಆ ಮಾಂಸ ಮುಟ್ಟದ ನಮ್ಮ ಸಿಪಾಯಿಗಳಿಗೆ ಸ್ಕರ್ವಿ ಹತ್ತಿ ಒಸಡುಗಳು ಕೊಳೆತವು. 1916ರ ಏಪ್ರಿಲ್ 29ರಂದು ಜನರಲ್ ಟೌನ್‌ಶೆಂಡ್ ಶರಣಾದ. ಸುಮಾರು 13 ಸಾವಿರ ಜನ ಸೆರೆಯಾದರು.

ಪಲ್ಟಣದ ದಿನಚರಿಯನ್ನು ಓದಿದರೆ ಗೊತ್ತಾದೀತೆಂದು ಆಸೆಪಟ್ಟೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧಕಾಲದ ದಿನಚರಿಗಳಿವೆ. ಪ್ರತಿ ಸಂಜೆ ಒಬ್ಬ ಅಧಿಕಾರಿ ಆ ದಿನ ನಡೆದದ್ದನ್ನು ಬರೆದಿಡುತ್ತಿದ್ದ. ಮಳೆ ಬಂದದ್ದು, ಕಂದಕ ಅಗೆದದ್ದು, ಲೆಫ್ಟಿನೆಂಟ್ ಇಂಥವರಿಗೆ ತೋಳಿಗೆ ಗುಂಡು ತಗಲಿದ್ದು. ಅದೇ ಸಾಲಿನ ತುದಿಗೆ 'ಭಾರತೀಯ ಇತರ ದರ್ಜೆ: ಸತ್ತವರು 3, ಗಾಯ 11' ಎಂದಿರುತ್ತದೆ. ಕಂದಕದಲ್ಲಿ ನಮ್ಮವರು ಇದ್ದರೆಂದರೆ ಆ ಮೂರರಲ್ಲಿ ಇರಬೇಕು, ಹನ್ನೊಂದರಲ್ಲಿ ಇರಬೇಕು, ಅಥವಾ ಲೆಕ್ಕಕ್ಕೇ ಬಾರದೆ ಆ ರಾತ್ರಿ ಬದುಕಿ ಮಲಗಿದವರಲ್ಲಿ ಇರಬೇಕು.

ಇಲ್ಲಿಗೆ ಬಿಟ್ಟುಬಿಡೋಣ ಎಂದುಕೊಂಡಿದ್ದಾಗ ಬೇರೊಂದು ಕೆಲಸಕ್ಕೆ, ಹೊಲದ ಹಿಸ್ಸೆಯ ತಕರಾರಿಗೆ, ಹಳೆಯ ಭೂದಾಖಲೆ ತೆಗೆಸಬೇಕಾಯಿತು. ಮುಂಬೈ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹಕ್ಕುಗಳ ನೋಂದಣಿ ಶುರುವಾಗಿತ್ತು. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರಿಗೆ ಹೋದಾಗಲೆಲ್ಲ ಬರೆಯುವ ವಹಿಗೆ ನಮ್ಮ ಕಡೆ ಡೈರಿ ಎನ್ನುತ್ತಾರೆ. ಕಂದು ಬಣ್ಣದ ಹಾಳೆ, ಅಂಚು ಗೆದ್ದಲು ತಿಂದದ್ದು. ಕನ್ನಡದಲ್ಲಿ ಬರೆದ ಒಕ್ಕಣೆ, ಕೆಳಗೆ ಮೋಡಿ ಲಿಪಿಯಲ್ಲಿ ಸಹಿ. 1921ರ ಒಂದು ನಮೂದಿನಲ್ಲಿ ನಾನು ಹುಡುಕದೆ ಇದ್ದ ಹೆಸರು, ಯಾವ ಗುಮಾಸ್ತನ ಕಿವಿಯೂ ಕೆಡಿಸದೆ, ನಮ್ಮ ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಬರೆದಿತ್ತು. 'ಸದರಿಯವನು ಸರಕಾರಿ ಪಲ್ಟಣದಲ್ಲಿ ಮಯತ. ಸಂತಾನ ಇಲ್ಲ. ಹೆಂಡತಿ ಉಡಿಕಿ ಆಗಿ ಹೋಗಿದ್ದು ಹಕ್ಕು ಇಲ್ಲ. ಅಣ್ಣನ ಹೆಸರಿಗೆ ವರಸಾ.' ನಾಲ್ಕೇ ಸಾಲು. ಮಯತ ಎಂದರೆ ತೀರಿಕೊಂಡವನು, ಉಡಿಕಿ ಎಂದರೆ ಮರುಮದುವೆ, ವರಸಾ ಎಂದರೆ ವಾರಸು. ಹೊರಗೆ ಬಂದು ಚಹಾ ಅಂಗಡಿಯ ಬಾಕಿನ ಮೇಲೆ ಕೂತು ಆ ನಕಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಯಾಕೆಂದರೆ ಅಜ್ಜಿಯ ಕತೆಯಲ್ಲಿ ಆ ಹೆಂಡತಿ ಹನ್ನೆರಡು ವರ್ಷ ಕಾದಿದ್ದಳು. ಪ್ರತಿ ದೀಪಾವಳಿಗೆ ಗಂಡನ ಹೆಸರಿನಲ್ಲಿ ಒಂದು ಎಡೆ ತೆಗೆದಿಡುತ್ತಿದ್ದಳು, ಹನ್ನೆರಡು ತುಂಬಿದ ಮೇಲೆ ಬಳೆ ಒಡೆದುಕೊಂಡಳು ಎಂದು ಅಜ್ಜಿ ಹೇಳುತ್ತಿದ್ದಳು, ಹೇಳುವಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಡೈರಿಯ ಪ್ರಕಾರ, ಸಾವಿನ ಐದಾರು ವರ್ಷಗಳೊಳಗೇ ಆಕೆ ಇನ್ನೊಂದು ಮನೆ ಸೇರಿದ್ದಳು. 1856ರ ವಿಧವಾ ವಿವಾಹದ ಕಾಯ್ದೆ ಮರುಮದುವೆಗೆ ಒಪ್ಪಿಗೆ ಕೊಟ್ಟದ್ದರ ಜೊತೆಗೇ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಿತ್ತುಕೊಳ್ಳುತ್ತಿತ್ತು. 'ಹಕ್ಕು ಇಲ್ಲ' ಎಂಬ ಎರಡು ಪದಗಳ ಹಿಂದೆ ಇರುವುದು ಅದೇ. ಹಿಸ್ಸೆ ಅಣ್ಣನಿಗೆ, ಅಂದರೆ ನಮ್ಮ ಮುತ್ತಜ್ಜನಿಗೆ, ಬಂತು. ಈಗ ನಾನು ತಕರಾರು ಹೂಡಿರುವ ಎರಡು ಎಕರೆ ಅದೇ. ಕಾದಳು ಎಂಬ ಕತೆಯನ್ನು ನಮ್ಮ ಮನೆ ಯಾಕೆ ಕಟ್ಟಿಕೊಂಡಿತು ಎಂಬುದು ಆ ಬಾಕಿನ ಮೇಲೆ ಕೂತಾಗ ಸ್ವಲ್ಪ ಸ್ವಲ್ಪವಾಗಿ ಹೊಳೆಯಿತು. ಇಪ್ಪತ್ತು ದಾಟಿರದ ಹೆಣ್ಣುಮಗಳೊಬ್ಬಳು ಬದುಕು ನೋಡಿಕೊಂಡದ್ದನ್ನು ನಾನಂತೂ ತಪ್ಪೆನ್ನುವುದಿಲ್ಲ. ಆದರೆ ಒಂದು ಮಾತು ಚುಚ್ಚುತ್ತದೆ: ಬಾಸ್ರಾದ ಕಲ್ಲು ಆತನನ್ನು ಹೆಸರಿಲ್ಲದ ಅಂಕಿ ಮಾಡಿತೆಂದು ಇಷ್ಟು ದಿನ ಕೊರಗಿದ್ದೇನೆ, ನಮ್ಮ ಮನೆಯ ದಾಖಲೆಯಲ್ಲಿ ಆಕೆ ಬರೀ 'ಹೆಂಡತಿ'. ಅಜ್ಜಿಗೂ ಆಕೆಯ ಹೆಸರು ಗೊತ್ತಿರಲಿಲ್ಲ.

ಹಾಗಾದರೆ ಅಜ್ಜಿ ಹೇಳಿದ್ದೆಲ್ಲ ಕಟ್ಟುಕತೆಯೇ ಎಂದು ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಆಕೆಯ ಮಾತುಗಳನ್ನು ಹಿಂದೊಮ್ಮೆ ಬರೆದುಕೊಂಡಿದ್ದೆ, ಅದರಲ್ಲಿ ನಾನು ಮಹತ್ವ ಕೊಡದೆ ಬಿಟ್ಟ ಒಂದು ವಾಕ್ಯವಿತ್ತು. "ಅವನ ಕೂಡ ಇದ್ದಾವ ಒಬ್ಬ ತಿರುಗಿ ಬಂದು ನಮ್ಮತ್ತಿ ಮುಂದ ಹೇಳಿದ್ನಂತ, ಉಸುಕಿನಾಗ ನಡಕೋತ ನಡಕೋತ ಬಿದ್ದ, ಎಬ್ಬಸಾಕ ಬಿಡಲಿಲ್ಲ ಅಂತ." ಯುದ್ಧದಲ್ಲಿ ಸತ್ತವನ ಕತೆಯಲ್ಲಿ ಗುಂಡಿಲ್ಲ, ಕತ್ತಿಯಿಲ್ಲ, ಶತ್ರುವಿಲ್ಲ, ಬರೀ ನಡಿಗೆ. ಮರುಭೂಮಿ ಎಂದರೆ ಉಸುಕು ಎಂದು ಯಾರೋ ಸೇರಿಸಿದ್ದೆಂದು ಬಿಟ್ಟಿದ್ದೆ. ಕುಟ್‌ನಲ್ಲಿ ಸೆರೆಯಾದವರಿಗೆ ಆಮೇಲೆ ಏನಾಯಿತೆಂದು ಓದಿದ ಮೇಲೆ ಆ ವಾಕ್ಯ ಬೇರೆಯಾಗಿ ಕೇಳಿಸಿತು. ಐದು ತಿಂಗಳು ಅರೆಹೊಟ್ಟೆಯಲ್ಲಿದ್ದ ಸಿಪಾಯಿಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ಬಾಗ್ದಾದಿಗೆ ನಡೆಸಿದರು. ಅಲ್ಲಿಂದ ಸಮಾರಾವರೆಗೆ ರೈಲು. ರೈಲುಹಾದಿ ಅಲ್ಲಿಗೆ ಮುಗಿಯುತ್ತಿತ್ತು; ಮುಂದೆ ಟಿಕ್ರಿತ್, ಮೊಸುಲ್ ಹಾಯ್ದು ರಾಸ್ ಅಲ್ ಅಯ್ನ್‌ವರೆಗೆ ಮತ್ತೆ ಕಾಲ್ನಡಿಗೆ. ಸೋತು ಕೂತವರನ್ನು ಕಾವಲುಗಾರರು ಹೊಡೆದು ಎಬ್ಬಿಸುತ್ತಿದ್ದರು, ಏಳದವರನ್ನು ದಾರಿಯಲ್ಲೇ ಬಿಟ್ಟು ಹೋಗುತ್ತಿದ್ದರು. ತಲುಪಿದ ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರನ್ನು ಬಾಗ್ದಾದ್ ರೈಲುಮಾರ್ಗದ ಮಣ್ಣು ಹೊರಲು ಹಾಕಿದರು. ಆ ದಾರಿಯಲ್ಲಿ, ಆ ಕೆಲಸದಲ್ಲಿ ಸಾವಿರಾರು ಜನ ಸತ್ತರು, ಎಷ್ಟೋ ಜನರ ಸುಳಿವೇ ಸಿಗಲಿಲ್ಲ. ಎರಡನೆಯವನ ಸಾವಿನ ತಾರೀಖು ಆ ನಡಿಗೆಯ ಕಾಲಕ್ಕೆ ಹೊಂದುತ್ತದೆ.

ಇಲ್ಲಿ ಕೈ ತುರಿಸುತ್ತದೆ. ಎರಡನೆಯವನೇ ನಮ್ಮವರು ಎಂದು ಬರೆದುಬಿಟ್ಟರೆ ಕತೆ ಪೂರ್ತಿಯಾಗುತ್ತದೆ: ತಿಂಗಳಿಗೆ 11 ರೂಪಾಯಿಯ ಸಂಬಳಕ್ಕೆ ಹೋದ ರೈತನ ಮಗ, ಕುಟ್‌ನ ಹಸಿವು, ಮರಳಿನಲ್ಲಿ ಕೊನೆಯ ಹೆಜ್ಜೆ. ಊರಿನ ಉತ್ಸಾಹಿಗಳು ಅವರ ಹೆಸರಿನಲ್ಲಿ ಒಂದು ಕಮಾನು ಕಟ್ಟಿಸೋಣ, ವೀರಮರಣ ಎಂದು ಬರೆಸೋಣ ಎಂದೂ ಹೇಳಿದ್ದಾರೆ. ಆದರೆ ಗೊತ್ತಿರುವುದನ್ನು ತೂಗಿ ನೋಡಿದರೆ ಸಿಗುವುದು ಇಷ್ಟೇ: ಒಂದು ಹೆಸರು, ಹೊಂದಬಹುದಾದ ಎರಡು ಸಾವುಗಳು, ನಾಲ್ಕು ಸಾಲಿನ ಒಂದು ನಮೂದು, ಮೂರನೆಯ ಬಾಯಿಂದ ಬಂದ ಒಂದು ವಾಕ್ಯ. ಹೆಂಡತಿಯ ವಿಷಯದಲ್ಲಿ ತಪ್ಪಿದ ಅದೇ ನೆನಪನ್ನು ಗಂಡನ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ನಂಬುವಂತಿಲ್ಲ. ನಂಬಬಾರದೆಂದೂ ಅಲ್ಲ. ಮನೆಯ ಮಾನಕ್ಕೆ ಬೇಕಾದ್ದನ್ನು ಮನೆ ತಿದ್ದಿಕೊಳ್ಳುತ್ತದೆ. ಮರಳಿನಲ್ಲಿ ನಡೆಯುತ್ತ ಬಿದ್ದ ಎಂಬುದನ್ನು ತಿದ್ದಿ ಯಾರಿಗೂ ಮಾನ ಬರುವಂತಿರಲಿಲ್ಲ, ಕಟ್ಟಿ ಹೇಳುವವರಾದರೆ ಗುಂಡೇಟನ್ನೇ ಕಟ್ಟುತ್ತಿದ್ದರು. ಅಷ್ಟರ ಮಟ್ಟಿಗೆ ಆ ವಾಕ್ಯದ ಕಡೆ ನನ್ನ ಮನಸ್ಸು ವಾಲಿದೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಮನೆತನದ ಹೆಳವರು ಬಂದರು. ಅವರ ಹಿರಿಯರು ಎತ್ತಿನ ಮೇಲೆ ಬರುತ್ತಿದ್ದರು, ಇವರು ಮೋಟಾರು ಸೈಕಲ್ಲಿನ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ವಹಿಗಳ ಗಂಟು ಕಟ್ಟಿಕೊಂಡು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತು, ಮೂಲಪುರುಷನಿಂದ ಹಿಡಿದು ಒಂದೇ ಉಸಿರಿನಲ್ಲಿ ವಂಶಾವಳಿ ಹಾಡುತ್ತ ಬಂದವರು ಅಜ್ಜನ ಕಾಕಾನ ಹೆಸರು ಬಂದಾಗ "ಇವರದು ಬೆಳಿಲಿಲ್ಲರಿ" ಎಂದು ಮುಂದೆ ಹೋಗತೊಡಗಿದರು. ನಾನು ತಡೆದೆ. ಅವರ ಅಜ್ಜ ಬರೆದ ಹಳೆಯ ವಹಿಯನ್ನು ತೆಗೆಸಿದೆ. ಹೆಸರಿನ ಮುಂದೆ 'ಸಂತಾನ ಇಲ್ಲ' ಎಂದಷ್ಟೇ ಇತ್ತು. ಪಕ್ಕದಲ್ಲಿ ಹೆಣ್ಣು ತಂದ ಊರಿನ ಹೆಸರು ಇತ್ತು, ಹೆಣ್ಣಿನ ಹೆಸರು ಇರಲಿಲ್ಲ. ಆ ಊರು ನಮ್ಮಿಂದ ಹನ್ನೆರಡು ಮೈಲಿ. ಇನ್ನೂ ಹೋಗಿಲ್ಲ, ಹೋಗಬೇಕು.

ಇದರ ಮುಂದೆ ಇನ್ನೊಂದು ಸಾಲು ಬರೆಯಬಹುದೇ ಎಂದು ಕೇಳಿದೆ. ಹೆಳವರು ಜೇಬಿನಿಂದ ಬಾಲ್‌ಪೆನ್ ತೆಗೆದು, ತುದಿಯನ್ನು ಅಂಗೈ ಮೇಲೆ ಗೀಚಿ ನೋಡಿ, "ಯಾವ ಇಸವಿ ಬರೀಲಿ, ಸಾಹೇಬರ?" ಎಂದರು. 1916 ಇರಬಹುದು ಎಂದೆ. "ಎಲ್ಲಿ ತೀರಿಕೊಂಡ್ರು ಅಂತ ಬರೀಲಿ?" ಮೊಸುಲ್‌ನ ಆಚೆ, ರಾಸ್ ಅಲ್ ಅಯ್ನ್ ದಾರಿಯಲ್ಲಿ ಇರಬಹುದು ಎಂದೆ. ಅವರು ಪೆನ್ನನ್ನು ಎತ್ತಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಇರಬಹುದು ಅಂತ ವಹಿಯೊಳಗ ಬರಿಯಾಕ ಬರೂದಿಲ್ರಿ."

ಸ್ವಲ್ಪ ಹೊತ್ತು ಕಾದು, ನಾನು ಏನೂ ಹೇಳದಿದ್ದಾಗ ಒಳಗಿನ ಬಾಗಿಲ ಕಡೆ ತಿರುಗಿ ನಮ್ಮ ಅತ್ತೆಯನ್ನು ಕೇಳಿದರು, ಮನೆಯಲ್ಲಿ ಏನಂತ ಹೇಳುತ್ತ ಬಂದೀರಿ ಎಂದು. ಬೆಳ್ಳಿಯ ಕಡಗ ಹಾಕಿಕೊಂಡು ಆಡಿ ಬೆಳೆದವಳು ಅವಳೇ. "ಬಸರಾ," ಎಂದಳು ಅತ್ತೆ. ಹೆಳವರು ಇಸವಿಯ ಜಾಗವನ್ನು ಖಾಲಿ ಬಿಟ್ಟು, ದುಂಡನೆಯ ಅಕ್ಷರದಲ್ಲಿ 'ಬಸರಾ' ಎಂದು ಬರೆದು, ಒಣಗಲೆಂದು ವಹಿಯ ಮೇಲೆ ಉಫ್ ಎಂದು ಊದಿದರು.